ಅಳತೆ ರವಿಕೆಯನ್ನು ಪಕ್ಕಕ್ಕಿಡಿ, ಹೊಸದಾಗಿ ಅಳತೆ ಕೊಡಿ

ಪ್ರಶ್ನೆ: ನನಗೆ ಈಗ 48 ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರ ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಕೆಲಸಕ್ಕೆ ಸೇರಿದಾಗಿನಿಂದ ಸೀರೆಯೇ ಉಡುವುದು. ಈಚೆಗೆ ಒಂದು ರವಿಕೆಯೂ ಸರಿ ಆಗುತ್ತಿಲ್ಲ. ತೂಕ ಹೆಚ್ಚೇನೂ ಏರಿಲ್ಲ, ಆದರೆ ಹೊಟ್ಟೆ ಬಂದಿದೆ. ಬೋರ್ಡಿನಲ್ಲಿ ಬರೆಯುವಾಗ ರವಿಕೆ ಮೇಲೆ ಹೋಗುತ್ತದೆ. ಕ್ಲಾಸಿನ ಮಧ್ಯೆ ಒಮ್ಮೆಲೇ ಸೆಖೆ ಏರಿ ಬೆನ್ನೆಲ್ಲ ಒದ್ದೆಯಾಗುತ್ತದೆ. ಮುಟ್ಟು ಯಾವಾಗ ಬರುತ್ತದೆ, ಎಷ್ಟು ಹೋಗುತ್ತದೆ ಅಂತ ಗೊತ್ತಾಗುವುದಿಲ್ಲ, ಓಣಂಗೆ ಬಿಳಿ ಸೀರೆ ಉಡಲು ಹೆದರಿಕೆ. ಚೂಡಿದಾರ್ ಹಾಕಿ ಶಾಲೆಗೆ ಹೋಗಬೇಕು ಅಂತ ಆಸೆ, ಧೈರ್ಯ ಇಲ್ಲ. ಮಗಳು ಒಂದು ಜೀನ್ಸ್ ತಂದುಕೊಟ್ಟಿದ್ದಾಳೆ, ನಾದಿನಿ ಅದನ್ನು ನೋಡಿ "ಈ ಪ್ರಾಯದಲ್ಲಿ ಇದೆಲ್ಲ ಬೇಕಾ?" ಅಂದರು. ಕಪಾಟು ತುಂಬ ಬಟ್ಟೆ ಇದೆ, ಬೆಳಗ್ಗೆ ಎದ್ದರೆ ಹಾಕಲು ಒಂದೂ ಇಲ್ಲ. ಏನು ಮಾಡಲಿ?

ಉತ್ತರ: ಟೀಚರ್, ನಿಮ್ಮ ಪತ್ರದಲ್ಲಿ ಮೈಯ ತೊಂದರೆ ಇದೆ, ಜನರ ತೊಂದರೆಯೂ ಇದೆ. ಎರಡೂ ಒಂದಕ್ಕೊಂದು ಸಿಕ್ಕಿಕೊಂಡಿವೆ. ಮೊದಲು ಮೈಯದ್ದನ್ನು ನೋಡೋಣ. ರವಿಕೆ ಬಿಗಿಯಾಗಿ, ಕಂಕುಳು ಕೊರೆಯುತ್ತಾ, ಬೆನ್ನು ಒದ್ದೆಯಾಗಿರುವಾಗ ಯಾರೋ "ಈ ಪ್ರಾಯದಲ್ಲಿ" ಅಂದರೆ ಆ ಮಾತು ನೇರ ಒಳಗೆ ಹೋಗಿ ಕೂರುತ್ತದೆ. ಹಾಕಿದ ಬಟ್ಟೆ ಮೈಗೆ ಸರಿ ಕೂತಿದ್ದರೆ ಅದೇ ಮಾತಿಗೆ ಅಷ್ಟು ಬಲ ಇರುವುದಿಲ್ಲ. ಇದನ್ನು ನಾನು ಹೊಲಿಗೆ ಅಂಗಡಿಯಲ್ಲಿ ಎಷ್ಟೋ ಹೆಂಗಸರಲ್ಲಿ ಕಂಡಿದ್ದೇನೆ.

ನಾನು ವೈದ್ಯೆ ಅಲ್ಲ, ಹೊಲಿಗೆಯವಳು. ಆದರೂ ನಲವತ್ತು ದಾಟಿದ ಮೈಗೆ ಹೊಲಿಯಬೇಕಾದರೆ ಅದರೊಳಗೆ ಏನಾಗುತ್ತಿದೆ ಅಂತ ಸ್ವಲ್ಪ ತಿಳಿದಿರಲೇಬೇಕು. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸಾಮಾನ್ಯವಾಗಿ 46, 47ರ ಆಸುಪಾಸಿನಲ್ಲಿ. ಅದಕ್ಕೆ ಕೆಲವು ವರ್ಷ ಮೊದಲೇ ಬದಲಾವಣೆ ಶುರುವಾಗಿರುತ್ತದೆ. ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ಕಡಿಮೆಯಾಗುತ್ತಾ ಬಂದ ಹಾಗೆ ತೊಡೆ, ಸೊಂಟದ ಬದಿಯಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಯ ಕಡೆಗೆ ಬರುತ್ತದೆ. ಹಾಗಾಗಿ ತೂಕದ ಮೆಷಿನ್ ಹಳೆಯ ನಂಬರನ್ನೇ ತೋರಿಸಿದರೂ ಲಂಗದ ಲಾಡಿ ಗಿಡ್ಡ ಆಗುತ್ತದೆ. ಎದೆ ಸ್ವಲ್ಪ ಇಳಿಯುತ್ತದೆ. ದಿನವಿಡೀ ಪುಸ್ತಕಕ್ಕೆ, ಮೊಬೈಲಿಗೆ ಬಗ್ಗಿದ ಬೆನ್ನಿನ ಮೇಲ್ಭಾಗ ಸ್ವಲ್ಪ ದುಂಡಗಾಗುತ್ತದೆ. ತೋಳಿನ ಮೇಲ್ಭಾಗ ತುಂಬಿಕೊಳ್ಳುತ್ತದೆ. ಒಂದೊಂದೂ ಅರ್ಧ ಇಂಚು, ಒಂದು ಇಂಚು ಅಷ್ಟೇ. ಆದರೆ ಸೀರೆ ರವಿಕೆ ಅಂದರೆ ಕಾಲು ಇಂಚಿಗೂ ಲೆಕ್ಕ ಇರುವ ಬಟ್ಟೆ. ಅದಕ್ಕೇ ಒಂದೇ ವರ್ಷದಲ್ಲಿ ಎಲ್ಲ ರವಿಕೆಯೂ ಒಟ್ಟಿಗೆ ಕೈಕೊಟ್ಟ ಹಾಗೆ ಅನಿಸುವುದು.

ಇಲ್ಲಿ ನಮ್ಮ ಕಡೆಯ ಒಂದು ಅಭ್ಯಾಸ ದೊಡ್ಡ ತೊಂದರೆ ಮಾಡುತ್ತದೆ. ಟೈಲರ್ ಹತ್ತಿರ ಹೋಗುವಾಗ ಎಲ್ಲರೂ ಚೀಲದಲ್ಲಿ ಒಂದು ಅಳತೆ ರವಿಕೆ ಹಾಕಿಕೊಂಡು ಹೋಗುತ್ತಾರೆ. "ಇದೇ ಅಳತೆ, ಸುತ್ತ ಸ್ವಲ್ಪ ಲೂಸ್ ಬಿಡಿ" ಅಂತ ಕೊಟ್ಟು ಬರುತ್ತಾರೆ. ಆ ರವಿಕೆ ಎಂಟು ಹತ್ತು ವರ್ಷ ಹಿಂದಿನದ್ದು. ಅದು ಆಗಿನ ಮೈಯ ಅಳತೆ. ಸುತ್ತ ಒಂದು ಇಂಚು ಲೂಸ್ ಬಿಟ್ಟರೆ ಹೊಟ್ಟೆಯ ಹತ್ತಿರ ಸರಿಯಾಗಬಹುದು, ಆದರೆ ಡಾಟ್, ಅಂದರೆ ಎದೆಗೆ ಆಕಾರ ಬರಲು ಹೊಲಿಯುವ ಮಡಿಕೆ, ಅದನ್ನು ಹಿಡಿಯುವ ಜಾಗ ಮೊದಲಿನದ್ದೇ ಇರುತ್ತದೆ, ಎದೆ ಅದಕ್ಕಿಂತ ಕೆಳಗೆ ಬಂದಿರುತ್ತದೆ. ಆಗ ಮೇಲೆ ಬಟ್ಟೆ ಸುಮ್ನೆ ಉಬ್ಬುತ್ತದೆ, ಕೆಳಗೆ ಹುಕ್ಕು ಎಳೆಯುತ್ತದೆ. ಬೆನ್ನು ದುಂಡಗಾದವರಿಗೆ ಹಿಂದಿನ ಉದ್ದ ಸಾಲದೆ ರವಿಕೆಯ ಹಿಂಭಾಗ ಮೇಲೇರಿ ಕೂರುತ್ತದೆ. ಎಷ್ಟು ಲೂಸ್ ಬಿಟ್ಟರೂ ಇದು ಸರಿ ಆಗುವುದಿಲ್ಲ.

ಆದ್ದರಿಂದ ಅಳತೆ ರವಿಕೆಯನ್ನು ಮನೆಯಲ್ಲೇ ಬಿಡಿ. ಟೈಲರ್ ಎದುರು ನಿಂತು ಟೇಪು ಹಿಡಿಸಿ. ಅಳತೆ ತೆಗೆಯುವಾಗ ಹೊಟ್ಟೆ ಒಳಗೆ ಎಳೆಯಬೇಡಿ, ಉಸಿರು ಬಿಗಿ ಹಿಡಿಯಬೇಡಿ, ದಿನಾ ಹೇಗೆ ನಿಲ್ಲುತ್ತೀರೋ ಹಾಗೇ ನಿಲ್ಲಿ. ಎದೆಯ ಸುತ್ತಳತೆ ಮಾತ್ರ ಸಾಲದು. ಭುಜದಿಂದ ಎದೆಯ ತುದಿಗೆ ಎಷ್ಟು, ಎರಡು ತುದಿಗಳ ಮಧ್ಯೆ ಎಷ್ಟು, ಹಿಂದೆ ಕುತ್ತಿಗೆಯಿಂದ ರವಿಕೆ ಮುಗಿಯುವ ಜಾಗದವರೆಗೆ ಎಷ್ಟು, ತೋಳಿನ ಮೇಲ್ಭಾಗದ ಸುತ್ತು ಎಷ್ಟು, ಇವನ್ನೆಲ್ಲ ಬರೆದುಕೊಳ್ಳಲು ಹೇಳಿ. ಗಂಡಸು ಟೈಲರ್ ಆದರೆ ಇದನ್ನೆಲ್ಲ ಹೇಳಲು ಮುಜುಗರ ಆಗುತ್ತದೆ, ಗೊತ್ತು. ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಎಲ್ಲಿ ನೋಡಿದರೂ ಈಗ ಮನೆಯಲ್ಲೇ ಹೊಲಿಯುವ ಹೆಂಗಸರಿದ್ದಾರೆ, ಅವರ ಹತ್ತಿರ ಹೋಗಿ. ಮೊದಲು ಒಂದೇ ಒಂದು ರವಿಕೆ ಹೊಲಿಸಿ. ಒಂದು ದಿನ ಶಾಲೆಗೆ ಹಾಕಿ ನೋಡಿ, ತಪ್ಪಿದ್ದರೆ ಸರಿ ಮಾಡಿಸಿ, ಆಮೇಲೆ ಉಳಿದವನ್ನು ಕೊಡಿ. ಒಮ್ಮೆಲೇ ಆರು ಕೊಟ್ಟರೆ ಆರರಲ್ಲೂ ಒಂದೇ ತಪ್ಪು ಬರುತ್ತದೆ.

ಬೋರ್ಡಿನಲ್ಲಿ ಬರೆಯುವಾಗ ರವಿಕೆ ಮೇಲೆ ಹೋಗುವುದಕ್ಕೆ ಕಾರಣ ಬೇರೆಯೇ ಇದೆ. ಕಂಕುಳು ಬಿಗಿ ಅಂತ ಅನಿಸಿದಾಗ ಹೆಚ್ಚಿನ ಟೈಲರ್‌ಗಳು ಅಲ್ಲಿ ಇನ್ನಷ್ಟು ಕೆಳಗೆ ಕತ್ತರಿಸುತ್ತಾರೆ. ಅದು ತಿರುಗುಬಾಣ ಆಗುತ್ತದೆ. ಕಂಕುಳು ಕೆಳಗಿಳಿದಷ್ಟೂ ಕೈ ಎತ್ತಿದಾಗ ತೋಳು ಇಡೀ ರವಿಕೆಯನ್ನೇ ಎಳೆದುಕೊಂಡು ಹೋಗುತ್ತದೆ. ಆರ್ಮ್‌ಹೋಲ್ (ತೋಳು ಜೋಡಿಸುವ ಜಾಗ) ನಿಮ್ಮ ಕಂಕುಳಿಗೆ ಹತ್ತಿರ, ಸ್ವಲ್ಪ ಮೇಲೆಯೇ ಇದ್ದು, ತೋಳಿನ ಬಟ್ಟೆ ಅಗಲವಾಗಿದ್ದರೆ ಕೈ ಮಾತ್ರ ಎದ್ದೇಳುತ್ತದೆ, ರವಿಕೆ ಅಲ್ಲೇ ಇರುತ್ತದೆ. ಇದನ್ನು ಟೈಲರ್‌ಗೆ ಬಾಯಲ್ಲಿ ಹೇಳಿದರೆ ನಂಬಲಿಕ್ಕಿಲ್ಲ. ಟ್ರಯಲ್ ನೋಡುವಾಗ ಅವರೆದುರೇ ಕೈ ಮೇಲೆತ್ತಿ ಗೋಡೆಯ ಮೇಲೆ ಬರೆದ ಹಾಗೆ ಮಾಡಿ ತೋರಿಸಿ. ಕನ್ನಡಿ ಮುಂದೆ ಕೈ ಕೆಳಗಿಟ್ಟು ನಿಂತು ನೋಡುವುದು ಟೀಚರ್‌ಗೆ ಟ್ರಯಲ್ಲೇ ಅಲ್ಲ.

ಹಿಂದೆ ಹುಕ್ಕು ಇರುವ ರವಿಕೆ ಇನ್ನು ಬೇಡ ಅಂತ ನನ್ನ ಅಭಿಪ್ರಾಯ. ನಲವತ್ತರಿಂದ ಅರವತ್ತರ ಮಧ್ಯೆ ಭುಜ ಹಿಡಿದುಕೊಳ್ಳುವ ತೊಂದರೆ, ಫ್ರೋಜನ್ ಶೋಲ್ಡರ್ ಅನ್ನುತ್ತಾರಲ್ಲ, ಅದು ಹೆಂಗಸರಲ್ಲಿ ಜಾಸ್ತಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ನೂ ಜಾಸ್ತಿ. ಬೆಳಗ್ಗೆ ಏಳೂವರೆಗೆ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಬೆನ್ನಿನ ಹಿಂದೆ ಕೈ ತಿರುಚಿ ಹುಕ್ಕು ಹಾಕುವ ಶಿಕ್ಷೆ ಯಾಕೆ? ಮುಂದೆ ಹುಕ್ಕು ಇಡಿಸಿ. ಒಳಗೆ ಎರಡೂ ಬದಿ ಒಂದೊಂದು ಇಂಚು ಬಟ್ಟೆ ಬಿಡಲು ಹೇಳಿ, ಮುಂದೆ ಬಿಚ್ಚಿ ದೊಡ್ಡದು ಮಾಡಲು ಬರುತ್ತದೆ.

ಇದಕ್ಕೂ ಮೊದಲು ಮಾಡಬೇಕಾದ್ದು ಒಂದಿದೆ, ಬ್ರಾ. ಇದರ ಬಗ್ಗೆ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಮದುವೆಯ ಕಾಲದ ಸೈಜನ್ನೇ ಐವತ್ತರವರೆಗೆ ಕೇಳಿ ತೆಗೆದುಕೊಳ್ಳುತ್ತಾರೆ. ಎದೆಯ ಭಾರ ಹೊರಬೇಕಾದ್ದು ಸುತ್ತಿನ ಪಟ್ಟಿ, ಭುಜದ ಪಟ್ಟಿ ಅಲ್ಲ. ಭುಜದಲ್ಲಿ ಗುಳಿ ಬಿದ್ದಿದ್ದರೆ, ಹಿಂದಿನ ಪಟ್ಟಿ ಬೆನ್ನಿನಲ್ಲಿ ಮೇಲೇರುತ್ತಿದ್ದರೆ ಸೈಜು ತಪ್ಪು ಅಂತಲೇ ಅರ್ಥ. ಎದೆಯ ಕೆಳಗೆ ಟೇಪು ಬಿಗಿಯಾಗಿ ಸುತ್ತಿ ಒಂದು ಅಳತೆ, ಎದೆಯ ತುಂಬು ಜಾಗದಲ್ಲಿ ಸಡಿಲವಾಗಿ ಇನ್ನೊಂದು. ಎರಡರ ವ್ಯತ್ಯಾಸ ಒಂದು ಇಂಚಾದರೆ ಎ ಕಪ್, ಎರಡಾದರೆ ಬಿ, ಮೂರಾದರೆ ಸಿ, ನಾಲ್ಕಾದರೆ ಡಿ. ಕಂಪೆನಿಯಿಂದ ಕಂಪೆನಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ಹಾಗಾಗಿ ಪ್ಯಾಕೆಟಿನ ಚಾರ್ಟ್ ನೋಡಿ. ಹೊಸದರಲ್ಲಿ ಕೊನೆಯ, ಅಂದರೆ ಎಲ್ಲಕ್ಕಿಂತ ಸಡಿಲದ ಸಾಲಿನ ಹುಕ್ಕಿಗೇ ಸರಿಯಾಗಬೇಕು, ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು. ಎಳೆದು ಸಡಿಲ ಆದಾಗ ಒಳಗಿನ ಸಾಲಿಗೆ ಹೋಗಲು ಜಾಗ ಉಳಿದಿರುತ್ತದೆ. ಬಿಳಿ ಅಥವಾ ಕ್ರೀಮ್ ರವಿಕೆಯ ಒಳಗೆ ಮೈಬಣ್ಣದ ಬ್ರಾ ಹಾಕಿ, ಬಿಳಿಯದಕ್ಕಿಂತ ಅದು ಕಡಿಮೆ ಕಾಣುತ್ತದೆ. ಹೊಸ ಬ್ರಾ ಹಾಕಿಕೊಂಡೇ ರವಿಕೆಗೆ ಅಳತೆ ಕೊಡಿ. ಹಳೆಯದನ್ನು ಹಾಕಿ ಅಳತೆ ಕೊಟ್ಟು ಆಮೇಲೆ ಹೊಸದು ತೆಗೆದುಕೊಂಡರೆ ಎಲ್ಲ ಲೆಕ್ಕವೂ ತಪ್ಪುತ್ತದೆ.

ಲಂಗದ ವಿಷಯವನ್ನು ಸ್ವಲ್ಪ ಗಂಭೀರವಾಗಿ ಹೇಳಬೇಕು. ತೆಳು ಲಾಡಿಯನ್ನು ಪ್ರತಿದಿನ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿ ಸೊಂಟದಲ್ಲಿ ಕಪ್ಪು ಗೆರೆ ಬಿದ್ದವರು ನಮ್ಮಲ್ಲಿ ಮನೆಗೊಬ್ಬರಾದರೂ ಇದ್ದಾರೆ. ಹೊಟ್ಟೆ ಬಂದ ಮೇಲೆ ಸೀರೆ ಜಾರುತ್ತದೆ ಅಂತ ಇನ್ನೂ ಬಿಗಿಯುತ್ತಾರೆ. ಆ ಜಾಗದಲ್ಲಿ ಸಿಪ್ಪೆ ಏಳುವುದು, ತುರಿಕೆ, ವಾಸಿಯಾಗದ ಹುಣ್ಣು, ಇವನ್ನು ನಿರ್ಲಕ್ಷ್ಯ ಮಾಡಬೇಡಿ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಅಲ್ಲಿ ಚರ್ಮದ ಕ್ಯಾನ್ಸರ್ ಆದ ಉದಾಹರಣೆಗಳನ್ನು ನಮ್ಮ ದೇಶದ ವೈದ್ಯರೇ ಬರೆದಿದ್ದಾರೆ, ಅದಕ್ಕೆ ಸೀರೆ ಕ್ಯಾನ್ಸರ್ ಅಂತಲೇ ಹೆಸರಿಟ್ಟಿದ್ದಾರೆ. ಬಹಳ ಅಪರೂಪ, ಹೆದರಬೇಕಾಗಿಲ್ಲ. ಆದರೆ ತಪ್ಪಿಸುವುದು ಸುಲಭ. ಲಾಡಿ ತೆಗೆದು ಎರಡು ಇಂಚು ಅಗಲದ ಪಟ್ಟಿ ಇಡಿಸಿ, ಬದಿಯಲ್ಲಿ ದೊಡ್ಡ ಹುಕ್ಕು ಇರಲಿ. ಅಥವಾ ಅಗಲದ ಇಲಾಸ್ಟಿಕ್ ಹಾಕಿಸಿ. ಕಟ್ಟುವ ಜಾಗವನ್ನೂ ದಿನ ಬಿಟ್ಟು ದಿನ ಸ್ವಲ್ಪ ಮೇಲೆ ಕೆಳಗೆ ಮಾಡಿ. ಮನೆಗೆ ಬಂದ ಕೂಡಲೇ ಸಡಿಲಿಸಿ.

ಈಗ ಸೆಖೆಗೆ ಬರುತ್ತೇನೆ. ಏಪ್ರಿಲ್ ಮೇ ತಿಂಗಳ ನಮ್ಮ ಕರಾವಳಿಯ ಸೆಖೆಯೇ ಸಾಕು, ಅದರ ಮೇಲೆ ಮುಟ್ಟು ನಿಲ್ಲುವ ಕಾಲದಲ್ಲಿ ಒಳಗಿನಿಂದ ಬರುವ ಈ ಬಿಸಿ. ಮುಖ, ಕುತ್ತಿಗೆ, ಎದೆಗೆ ಒಮ್ಮೆಲೇ ಏರಿ ಕೆಲವು ನಿಮಿಷದಲ್ಲಿ ಇಳಿಯುತ್ತದೆ, ಇಳಿದ ಮೇಲೆ ಒದ್ದೆ ಬಟ್ಟೆ ಬೆನ್ನಿಗೆ ಅಂಟಿ ಚಳಿ ಆದ ಹಾಗಾಗುತ್ತದೆ. ನಿಮ್ಮದು ಕಾಟನ್ ಸೀರೆ, ಕಾಟನ್ ರವಿಕೆ, ಆದರೂ ಹೀಗಾಗುತ್ತದೆ ಅಂತಾದರೆ ರವಿಕೆ ತಿರುಗಿಸಿ ಲೈನಿಂಗ್ ನೋಡಿ. ಎಷ್ಟೋ ಕಡೆ ಮೇಲೆ ಒಳ್ಳೆಯ ಹತ್ತಿ ಇಟ್ಟು ಒಳಗೆ ಪಾಲಿಯೆಸ್ಟರ್ ಲೈನಿಂಗ್ ಹಾಕಿರುತ್ತಾರೆ. ಮೈಗೆ ತಾಗುವುದು ಅದೇ ಅಲ್ವಾ? ಹತ್ತಿಯ ನೂಲು ತನ್ನ ತೂಕದ ಸುಮಾರು ಶೇಕಡಾ 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿ ಇಟ್ಟುಕೊಳ್ಳುತ್ತದೆ. ರೇಷ್ಮೆ, ವಿಸ್ಕೋಸ್ ಇನ್ನೂ ಜಾಸ್ತಿ, ಶೇಕಡಾ 11ಕ್ಕಿಂತ ಕಡಿಮೆಯಿಲ್ಲ. ಪಾಲಿಯೆಸ್ಟರ್ ಅರ್ಧ ಶೇಕಡವನ್ನೂ ಮುಟ್ಟುವುದಿಲ್ಲ, ಹಾಗಾಗಿ ಬೆವರು ಚರ್ಮದ ಮೇಲೆಯೇ ನಿಲ್ಲುತ್ತದೆ. ಲೈನಿಂಗ್ ಕಾಟನ್ನೇ ಬೇಕು, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿಯೇ ಕತ್ತರಿಸಬೇಕು ಅಂತ ಹೇಳಿ. ಇಲ್ಲದಿದ್ದರೆ ಮೊದಲ ತೊಳೆತಕ್ಕೇ ಲೈನಿಂಗ್ ಕುಗ್ಗಿ ರವಿಕೆ ಸುಕ್ಕಾಗುತ್ತದೆ. ದಿನದ ರವಿಕೆಗೆ ಲೈನಿಂಗೇ ಬೇಡದ, ಎರಡೆಳೆ ನೂಲಿನ ಟೂ ಬೈ ಟೂ ಬಟ್ಟೆ ಒಳ್ಳೆಯದು. ಅದರಲ್ಲೂ ಈಗ ಮಿಶ್ರ ಬರುತ್ತದೆ, ಹಾಗಾಗಿ ಸಂಶಯ ಬಂದರೆ ಮನೆಯಲ್ಲಿ ಒಂದು ನೂಲು ಎಳೆದು ಬೆಂಕಿ ಹಿಡಿಸಿ. ಹತ್ತಿ ಕಾಗದದ ಹಾಗೆ ಉರಿದು ಬೂದಿ ಆಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತದೆ, ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಕುತ್ತಿಗೆ ಸ್ವಲ್ಪ ತೆರೆದಿರಲಿ. ಕ್ಲೋಸ್ ನೆಕ್, ಕಾಲರ್ ರವಿಕೆ ಈಗ ಫ್ಯಾಷನ್, ನೋಡಲು ಚಂದ ಇದೆ, ಆದರೆ ಈ ವರ್ಷಗಳಲ್ಲಿ ಅದು ನಿಮಗೆ ಹಿಂಸೆ. ಬಣ್ಣದಲ್ಲಿ ತಿಳಿಬೂದು ಮತ್ತು ತೆಳು ನೀಲಿಯಲ್ಲಿ ಬೆವರಿನ ಕಲೆ ಎದ್ದು ಕಾಣುತ್ತದೆ. ಚಿಕ್ಕ ಪ್ರಿಂಟ್, ಚೌಕುಳಿ, ಗಾಢ ಬಣ್ಣದಲ್ಲಿ ಕಾಣುವುದಿಲ್ಲ.

ಸೀರೆಯಲ್ಲಿ ನನ್ನ ಮೊದಲ ಆಯ್ಕೆ ನಮ್ಮೂರಿನದ್ದೇ. ಕಾಸರಗೋಡು ಸೀರೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಇಲ್ಲಿನ ನೇಕಾರರ ಸಹಕಾರ ಸಂಘದವರು ಕೈಮಗ್ಗದಲ್ಲಿ ನೇಯುತ್ತಾರೆ. ತೆಂಕಣ ಕೇರಳದ ಕಸವು ಸೀರೆಯ ಹಾಗೆ ಬಿಳಿಯಲ್ಲ, ಬಣ್ಣ ಇದೆ, ಗೆರೆ ಚೌಕುಳಿ ಇದೆ. ಗಟ್ಟಿ ಬಣ್ಣ, ಒಗೆದಷ್ಟೂ ಮೆತ್ತಗಾಗುವ ಹತ್ತಿ. ನೂಲಿನ ಕೌಂಟ್ ಕೇಳಿ ತೆಗೆದುಕೊಳ್ಳಿ, ಸಂಖ್ಯೆ ಜಾಸ್ತಿ ಆದಷ್ಟೂ ನೂಲು ತೆಳು. ಹೊಟ್ಟೆಯ ಹತ್ತಿರ ನೆರಿಗೆ ದಪ್ಪ ಆಗಬಾರದು ಅಂತಿದ್ದರೆ 80, 100 ಕೌಂಟಿನದ್ದು ಹಗುರವಾಗಿ ಕೂರುತ್ತದೆ. ಹೊಸದರಲ್ಲಿ ಸ್ವಲ್ಪ ಗರಿಗರಿ ನಿಂತು ದಪ್ಪ ಕಾಣುತ್ತದೆ ಅಂತ ಕೆಲವರು ಬಿಟ್ಟುಬಿಡುತ್ತಾರೆ. ನಾಲ್ಕು ಸಲ ತೊಳೆಯುವ ತಾಳ್ಮೆ ಇರಲಿ, ಆಮೇಲೆ ಅದು ಮೈಯ ಮಾತು ಕೇಳುತ್ತದೆ.

ಮಳೆಗಾಲಕ್ಕೆ ಮಾತ್ರ ಲೆಕ್ಕ ಬೇರೆ. ಶಾಲೆ ಶುರುವಾಗುವುದೂ ಜೂನ್, ಮಳೆ ಶುರುವಾಗುವುದೂ ಜೂನ್. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಕಾಟನ್ ಸೀರೆಯೇ ಉಡಿ ಅಂತ ಹೇಳುವುದು ಬರೀ ಹಟ. ಒದ್ದೆ ಅಂಚು ಇಡೀ ದಿನ ಕಾಲಿಗೆ ಅಂಟುತ್ತದೆ, ಮನೆಗೆ ಬಂದರೆ ಒಣಗಿಸಲು ಬಿಸಿಲಿಲ್ಲ. ಆ ನಾಲ್ಕು ತಿಂಗಳು ಜಾರ್ಜೆಟ್, ಕ್ರೇಪ್ ಸೀರೆ ಉಡಿ, ಬೇಗ ಒಣಗುತ್ತದೆ. ಒಳಗಿನ ರವಿಕೆ ಮಾತ್ರ ಹತ್ತಿಯದ್ದೇ ಇರಲಿ. ಲಂಗ ಎರಡು ಇಂಚು ಗಿಡ್ಡ ಇರಲಿ. ಗಂಜಿ ಹಾಕಿದ ಸೀರೆಯನ್ನು ಮಳೆಗಾಲದಲ್ಲಿ ಕಪಾಟಿನಲ್ಲಿ ಇಡಬೇಡಿ, ಗಂಜಿ ಇದ್ದಲ್ಲಿ ಬೂಸ್ಟು ಬೇಗ ಹಿಡಿಯುತ್ತದೆ, ಹುಳವೂ ಬರುತ್ತದೆ.

ಇಷ್ಟೆಲ್ಲ ಸೀರೆಯ ಬಗ್ಗೆ ಹೇಳಿದ್ದು ನೀವು ಸೀರೆಯಲ್ಲೇ ಇರಿ ಅಂತ ಅಲ್ಲ. ಚೂಡಿದಾರ್ ಹಾಕಬೇಕು ಅಂತ ಆಸೆ ಇದೆ ಅಂದಿರಿ. ಹಾಕಿ! ಕೇರಳದಲ್ಲಿ ಟೀಚರ್‌ಗಳು ಸೀರೆಯನ್ನೇ ಉಡಬೇಕು ಅಂತ ಕಡ್ಡಾಯ ಇಲ್ಲ. 2021ರ ನವೆಂಬರಿನಲ್ಲಿ ಕಾಲೇಜುಗಳ ವಿಷಯದಲ್ಲಿ ಉನ್ನತ ಶಿಕ್ಷಣ ಇಲಾಖೆ ಇದನ್ನು ಸುತ್ತೋಲೆ ಹೊರಡಿಸಿಯೇ ಸ್ಪಷ್ಟ ಮಾಡಿತು, ಸೀರೆ ಉಡುವಂತೆ ಅಧ್ಯಾಪಿಕೆಯರನ್ನು ಒತ್ತಾಯಿಸಬಾರದು ಅಂತ. ನಿಮ್ಮ ಸ್ಟಾಫ್ ರೂಮಿನಲ್ಲೇ ಕಿರಿಯ ಟೀಚರ್‌ಗಳು ಚೂಡಿದಾರಿನಲ್ಲಿ ಬರುತ್ತಿರಬಹುದು. ಅವರಿಗೆ ಸರಿಯಾದದ್ದು 48ಕ್ಕೆ ಯಾಕೆ ತಪ್ಪಾಗುತ್ತದೆ? ನಿಜ ಹೇಳಬೇಕಾದರೆ ಅದರ ಅಗತ್ಯ ಅವರಿಗಿಂತ ನಿಮಗೆ ಜಾಸ್ತಿ. ಮುಟ್ಟಿನ ದಿನಗಳಲ್ಲಿ, ಬಸ್ಸು ಹತ್ತಿ ಇಳಿಯುವಲ್ಲಿ, ಮಹಡಿಯ ಮೆಟ್ಟಿಲಲ್ಲಿ ಅದು ಸುಲಭ.

ಹೊಲಿಸುವುದು ಹೇಗೆ ಅಂತ ಕೇಳಿದರೆ, ಹೊಟ್ಟೆ ಮುಂದೆ ಬಂದವರು ಸಾಮಾನ್ಯವಾಗಿ ದೊಡ್ಡ ಸೈಜಿನ ರೆಡಿಮೇಡ್ ಕುರ್ತಾ ತೆಗೆದುಕೊಳ್ಳುತ್ತಾರೆ. ಹೊಟ್ಟೆಗೆ ಸರಿಯಾಗುತ್ತದೆ, ಭುಜ ತೋಳಿಗೆ ಜಾರುತ್ತದೆ, ಆಗ ಇಡೀ ಮೈ ದಪ್ಪ ಕಾಣುತ್ತದೆ. ಭುಜಕ್ಕೆ ಸರಿಯಾದ್ದನ್ನು ತೆಗೆದುಕೊಳ್ಳಬೇಕು, ಕೆಳಗೆ ಅಗಲ ಇರುವ ಎ ಲೈನ್ ಕಟ್ ಇರಬೇಕು. ಭುಜ ಸರಿ ಕೂತರೆ ಮುಕ್ಕಾಲು ಪಾಲು ಕೆಲಸ ಆಯಿತು. ಬದಿಯ ಸ್ಲಿಟ್ ಸೊಂಟದ ಅಗಲದ ಜಾಗಕ್ಕಿಂತ ಸ್ವಲ್ಪ ಕೆಳಗೆ ಶುರುವಾಗಲಿ, ಮೇಲಿನಿಂದಲೇ ಶುರುವಾದರೆ ಕೂತಾಗ ಹೊಟ್ಟೆಯ ಬದಿ ಕಾಣುತ್ತದೆ ಅಂತ ದಿನವಿಡೀ ಎಳೆದುಕೊಳ್ಳುತ್ತಾ ಇರಬೇಕಾಗುತ್ತದೆ. ಸೊಂಟದಲ್ಲಿ ಸುರುಕು ಹಿಡಿದದ್ದು ಬೇಡ. ಬಿಗಿ ಲೆಗಿಂಗ್ಸಿಗಿಂತ ನೇರ ಕಾಟನ್ ಪ್ಯಾಂಟ್ ನಮ್ಮ ಸೆಖೆಗೆ ಹಿತ, ಗಾಳಿ ಆಡುತ್ತದೆ. ಕುರ್ತಾಕ್ಕೂ ಪ್ಯಾಂಟಿಗೂ ಜೇಬು ಇಡಿಸಿ. ಚಾಕ್, ಮೊಬೈಲ್, ಓದುವ ಕನ್ನಡಕ, ಒಂದು ಪ್ಯಾಡ್, ಎಲ್ಲವೂ ಮೈಮೇಲೆಯೇ ಇರುತ್ತವೆ.

ಮೊದಲ ದಿನ ಸೋಮವಾರ ಬೇಡ, ಅಸೆಂಬ್ಲಿ ಇರುವ ದಿನವೂ ಬೇಡ. ವಾರದ ಮಧ್ಯೆ ಒಂದು ಸಾಮಾನ್ಯ ದಿನ ಹಾಕಿ ಹೋಗಿ. ಮಕ್ಕಳು ಒಂದು ಗಂಟೆ ನೋಡುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ದೊಡ್ಡವರು ಒಂದು ವಾರ ಹೇಳುತ್ತಾರೆ. ಅಷ್ಟೇ.

ಓಣಂ ಮತ್ತು ನವೆಂಬರ್ 1ರ ಕೇರಳ ರಾಜ್ಯೋತ್ಸವದ (ಕೇರಳ ಪಿರವಿ) ಬಿಳಿ ಸೀರೆಯ ಹೆದರಿಕೆ ನನಗೆ ಪೂರ್ತಿ ಅರ್ಥ ಆಗುತ್ತದೆ. ನಲವತ್ತೈದು ದಾಟಿದ ಹೆಂಗಸರಲ್ಲಿ ಅರ್ಧ ಜನ ಆ ದಿನ ಕೂರದೆ ನಿಂತೇ ಇರುತ್ತಾರೆ ಅಂತ ನನಗೆ ಅನಿಸುತ್ತದೆ, ಯಾರೂ ಹೇಳುವುದಿಲ್ಲ. ಈಗ ತೊಳೆದು ಮತ್ತೆ ಬಳಸುವ, ಒಳಗೆ ಹೀರುವ ಪದರ ಇರುವ ಪೀರಿಯಡ್ ಪ್ಯಾಂಟಿ ಸಿಗುತ್ತದೆ. ಅದನ್ನು ಹಾಕಿ ಮೇಲೆ ಪ್ಯಾಡ್ ಇಟ್ಟರೆ ಎರಡು ಬಂದೋಬಸ್ತ್ ಆಯಿತು. ಸೀರೆಯೊಳಗೆ ದಪ್ಪ ಕಾಟನ್ ಲಂಗ ಇರಲಿ. ಇಷ್ಟು ಮಾಡಿಯೂ ಮನಸ್ಸು ಒಪ್ಪದಿದ್ದರೆ ಅಗಲ ಬಣ್ಣದ ಅಂಚಿನ ಬೇರೆ ಸೀರೆ ಉಟ್ಟು ಹೋಗಿ, ಫೋಟೋದಲ್ಲಿ ಒಬ್ಬರು ಬೇರೆ ಬಣ್ಣದಲ್ಲಿ ಇದ್ದರೆ ಯಾವ ಹಬ್ಬವೂ ಕೆಡುವುದಿಲ್ಲ. ಇದರ ಜೊತೆಗೆ ಒಂದು ಮಾತು. ಗಂಟೆಗೊಮ್ಮೆ ಪ್ಯಾಡ್ ಬದಲಿಸುವಷ್ಟು ಹೋಗುತ್ತಿದ್ದರೆ, ವಾರ ಕಳೆದರೂ ನಿಲ್ಲದಿದ್ದರೆ ಬಟ್ಟೆಯಲ್ಲಿ ಮುಚ್ಚಿಕೊಂಡು ಓಡಾಡಬೇಡಿ, ಡಾಕ್ಟರಿಗೆ ತೋರಿಸಿ. ಒಂದು ವರ್ಷ ಪೂರ್ತಿ ನಿಂತಿದ್ದು ಮತ್ತೆ ಕಂಡರಂತೂ ಒಂದು ದಿನವೂ ಕಾಯಬಾರದು. ಪ್ರಾಯದ್ದು ಅಂತ ಸುಮ್ಮನಿದ್ದವರ ಕಥೆ ನಮ್ಮ ಅಂಗಡಿಯ ಬೆಂಚಿನಲ್ಲಿ ಕೂತು ತುಂಬ ಕೇಳಿದ್ದೇನೆ.

ಇನ್ನು ಮಗಳ ಜೀನ್ಸ್ ಮತ್ತು ನಿಮ್ಮ ನಾದಿನಿಯ ಮಾತು.

"ಪ್ರಾಯಕ್ಕೆ ತಕ್ಕ ಹಾಗೆ" ಅನ್ನುವ ಅಳತೆ ಯಾವ ಟೇಪಿನಲ್ಲೂ ಇಲ್ಲ ಟೀಚರ್. ನಮ್ಮ ಅಜ್ಜಿಯರ ಕಾಲಕ್ಕೆ ನಲವತ್ತು ಅಂದರೆ ಮೊಮ್ಮಕ್ಕಳು ಬಂದು ಬಣ್ಣದ ಸೀರೆ ಬಿಡುವ ಪ್ರಾಯ. ಈಗ ನಲವತ್ತೆಂಟಕ್ಕೆ ನೀವು ಪ್ರತಿದಿನ ನೂರು ಮಕ್ಕಳ ಮುಂದೆ ನಿಲ್ಲುತ್ತೀರಿ, ನಿವೃತ್ತಿಗೆ ಇನ್ನೂ ವರ್ಷಗಳಿವೆ, ಮಂಗಳೂರಿಗೆ ಒಬ್ಬರೇ ರೈಲಿನಲ್ಲಿ ಹೋಗಿ ಬರುತ್ತೀರಿ. ಜೀವನ ಬದಲಾಗಿದೆ, ಬಟ್ಟೆಯ ಲೆಕ್ಕ ಮಾತ್ರ ಹಳೆಯದೇ ಉಳಿದಿದೆ. ಗಂಡ ತೀರಿಕೊಂಡ ಮೇಲೆ ಐವತ್ತೂ ತುಂಬದ ಹೆಂಗಸರು ಮಾಸಲು ಬಣ್ಣಕ್ಕೆ ಇಳಿಯುವುದನ್ನು ಈಗಲೂ ನೋಡುತ್ತೇನೆ, ನನಗೆ ಸಹಿಸಲು ಆಗುವುದಿಲ್ಲ. ಅಂಥವರು ಬಟ್ಟೆ ಆರಿಸಲು ಬಂದರೆ ಮೊದಲು ಕೆಂಪು, ಹಸಿರನ್ನೇ ಬಿಡಿಸಿ ತೋರಿಸುತ್ತೇನೆ.

ನಾನು ಬಟ್ಟೆ ನೋಡುವಾಗ ಕೇಳುವುದು ಇಷ್ಟು: ಇದರಲ್ಲಿ ಕೈ ಎತ್ತಲು ಆಗುತ್ತದಾ, ನೆಲದಲ್ಲಿ ಕೂತು ಏಳಲು ಆಗುತ್ತದಾ, ಬೆವರಿದರೆ ತಡೆಯುತ್ತದಾ, ಹಾಕಿಕೊಂಡು ಹೊರಟ ಮೇಲೆ ಅದರ ನೆನಪೇ ಇಲ್ಲದೆ ಕೆಲಸ ಮಾಡಲು ಆಗುತ್ತದಾ? ಜೀನ್ಸನ್ನೂ ಹಾಗೆಯೇ ನೋಡಿ. ಸೊಂಟ ಹೊಕ್ಕುಳಿನ ಹತ್ತಿರದವರೆಗೆ ಬರುವಂಥದ್ದಾದರೆ ಹೊಟ್ಟೆಯನ್ನು ಹಿತವಾಗಿ ಹಿಡಿಯುತ್ತದೆ, ಕೆಳಗೇ ನಿಲ್ಲುವಂಥದ್ದಾದರೆ ಹೊಟ್ಟೆ ಮೇಲೆ ಉಕ್ಕುತ್ತದೆ, ಅದನ್ನು ಬದಲಾಯಿಸಿ ಕೊಡಲು ಮಗಳಿಗೆ ಹೇಳಿ. ಬಟ್ಟೆಯಲ್ಲಿ ಒಂದೆರಡು ಶೇಕಡಾ ಸ್ಟ್ರೆಚ್ ಇರಲಿ, ತೆಳು ಡೆನಿಮ್ ಆಗಿರಲಿ, ದಪ್ಪ ಡೆನಿಮ್ ನಮ್ಮ ಊರಿಗೆ ಹೇಳಿಸಿದ್ದಲ್ಲ. ಮೇಲೆ ತೊಡೆಯ ಮಧ್ಯದವರೆಗೆ ಬರುವ ಕಾಟನ್ ಕುರ್ತಾ ಹಾಕಿ. ಇಷ್ಟ ಇಲ್ಲದಿದ್ದರೆ ಹಾಕಲೇಬೇಡಿ, ಮಗಳಿಗೆ ಬೇಸರ ಆಗುತ್ತದೆ ಅಂತ ಹಾಕುವುದೂ ನಾದಿನಿಗೆ ಬೇಸರ ಆಗುತ್ತದೆ ಅಂತ ಬಿಡುವುದೂ ಒಂದೇ. ನಿಮಗೆ ಇಷ್ಟ ಇದೆ ಅಂತ ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ. ನಾದಿನಿ ಇನ್ನೊಮ್ಮೆ ಕೇಳಿದರೆ ವಾದ ಮಾಡಬೇಡಿ. "ಹೌದು ಅಕ್ಕ, ಇದರಲ್ಲಿ ನಡೆಯಲು ಸುಲಭ" ಅನ್ನಿ, ಚಹಾ ಕೊಡಿ. ಅವರಿಗೂ ರವಿಕೆ ಬಿಗಿಯಾಗುತ್ತಿರಬಹುದು, ಅವರೂ ಒಮ್ಮೆ ಕೇಳಿಯಾರು.

ನೀವು ಮನೆಯ ಬಟ್ಟೆಯ ಬಗ್ಗೆ ಬರೆಯಲಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಹೊತ್ತು ಇರುವುದು ಅದರಲ್ಲೇ. ನೈಟಿ ಹಾಕುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹರಿದದ್ದು, ಬಣ್ಣ ಹೋದದ್ದೆಲ್ಲ ಮನೆಗೆ ಅಂತ ಇಡುವುದು ಬೇಡ. ಗ್ಯಾಸ್ ಒಲೆಯ ಹತ್ತಿರ ಪಾಲಿಯೆಸ್ಟರ್, ನೈಲಾನ್ ನೈಟಿ ಹಾಕಿ ನಿಲ್ಲಲೇಬೇಡಿ, ಬೆಂಕಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯ ನೈಟಿ, ಮೊಣಕೈವರೆಗಿನ ತೋಳು, ತುಂಬ ಸಡಿಲ ಇಲ್ಲದ್ದು ಇರಲಿ.

ಕಪಾಟಿಗೆ ದೊಡ್ಡ ಕೆಲಸ ಏನಿಲ್ಲ. ಈಗ ಆಗದ ರವಿಕೆಗಳನ್ನೆಲ್ಲ ಹೊರಗೆ ತೆಗೆದು ಒಳಹೊಲಿಗೆಯಲ್ಲಿ ಬಟ್ಟೆ ಇದೆಯಾ ನೋಡಿ. ಇದ್ದದ್ದನ್ನು ಬಿಚ್ಚಿಸಿ. ಇಲ್ಲದವುಗಳಿಗೆ ಕಂಕುಳಲ್ಲಿ ಅದೇ ಬಣ್ಣದ ಚಿಕ್ಕ ತುಂಡು ಸೇರಿಸಿ ಹೊಲಿಸಬಹುದು, ಕೈ ಕೆಳಗಿದ್ದರೆ ಕಾಣುವುದಿಲ್ಲ. ಅದೂ ಆಗದಿದ್ದರೆ ಕಪ್ಪು, ಮರೂನ್, ಚಿನ್ನದ ಬಣ್ಣದ ಸ್ಟ್ರೆಚ್ ಕಾಟನ್ ರೆಡಿಮೇಡ್ ರವಿಕೆ ತೆಗೆದುಕೊಂಡರೆ ಎಷ್ಟೋ ಸೀರೆಗೆ ಹೊಂದುತ್ತದೆ, ಕೂಡಲೇ ಉಡಲು ಬಟ್ಟೆ ಸಿಕ್ಕಿತು. ತೆಳ್ಳಗಾದ ಮೇಲೆ ಹಾಕುತ್ತೇನೆ ಅಂತ ಇಟ್ಟಿರುವ ರವಿಕೆಗಳನ್ನು ಕಣ್ಣಿಗೆ ಬೀಳುವ ಅರೆಯಿಂದ ತೆಗೆಯಿರಿ, ಪ್ರತಿ ಬೆಳಗ್ಗೆ ಅವು ನಿಮ್ಮ ಮನಸ್ಸು ಕೆಡಿಸುತ್ತವೆ. ಹೊಸ ಬಣ್ಣ ಆರಿಸುವಾಗ ಅಂಗಡಿಯ ದೀಪದ ಕೆಳಗೆ ನಿರ್ಧಾರ ಮಾಡಬೇಡಿ. ಬಾಗಿಲ ಹತ್ತಿರ ಬೆಳಕಿಗೆ ಬಂದು ಬಟ್ಟೆಯನ್ನು ಕುತ್ತಿಗೆಗೆ ಹಿಡಿದು ನೋಡಿ. ಕೂದಲು ಬಿಳಿ ಆಗುತ್ತಿದ್ದ ಹಾಗೆ ಮೊದಲು ಹೊಂದುತ್ತಿದ್ದ ಕಂದು, ಬೆಣ್ಣೆ ಬಣ್ಣ ಈಗ ಮುಖವನ್ನು ಸುಸ್ತಾದಂತೆ ತೋರಿಸಬಹುದು. ನವಿಲು ನೀಲಿ, ಕಡುಗೆಂಪು, ನೇರಳೆ ಬಿಳಿಕೂದಲಿನ ಪಕ್ಕದಲ್ಲಿ ಬಹಳ ಚಂದ ಕಾಣುತ್ತವೆ.

ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಈ ತಿಂಗಳು ಬ್ರಾ, ಅಗಲ ಪಟ್ಟಿಯ ಲಂಗ, ಒಂದು ಹೊಸ ಅಳತೆಯ ರವಿಕೆ. ಅದು ಸರಿ ಬಂದ ಮೇಲೆ ಎರಡು ಜೊತೆ ಚೂಡಿದಾರ್. ಏಪ್ರಿಲ್ ಬಂದರೆ ಮದುವೆ, ಉಪನಯನ, ಜಾತ್ರೆ ಅಂತ ಟೈಲರ್‌ಗಳಿಗೆ ಕೈ ಬಿಡುವಿರುವುದಿಲ್ಲ, ಅವಸರದಲ್ಲಿ ನಿಮ್ಮ ಅಳತೆಗೆ ಯಾರೂ ನಿಂತು ಸಮಯ ಕೊಡುವುದಿಲ್ಲ. ಮಾರ್ಚ್ ಮುಗಿಯುವುದರೊಳಗೆ ಬಟ್ಟೆ ಕೊಟ್ಟುಬಿಡಿ, ಜೂನ್ ಒಂದಕ್ಕೆ ಶಾಲೆ ಶುರುವಾಗುವಾಗ ಕೈಯಲ್ಲಿರುತ್ತದೆ.